ಇಬ್ಬರು ಮಲಗುವ ಗಾಡಿ

ಜನವರಿ ೧೧

ಮೊಳೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ಸೊಂಟ ಒಂದನ್ನು ಬಿಟ್ಟು. ಫೋನ್ ಮಾಡಿದರೆ ಪ್ರತಿ ಮಾತಿಗೂ "ಆಂ? ಆಂ?" ಅನ್ನುತ್ತೀಯ. ಬಸ್ಸಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ರಿವೆಟ್ ಹೊಡೆದು ಹೊಡೆದು ಕಿವಿ ಮಂದ ಮಾಡಿಕೊಂಡ ತಮ್ಮನ ಜೊತೆ ನಾನು ಕಿರುಚಾಡಿದರೆ ಬೀದಿಗೆಲ್ಲ ನಮ್ಮ ಮನೆ ವಿಷಯ ಗೊತ್ತಾಗುತ್ತದೆ. ಅದಕ್ಕೇ ಕಾಗದ.

ಹೋದ ಸಲ ಕೆರೆ ದಂಡೆಯಲ್ಲಿ ಏನಾಯಿತೆಂದು ನಿನಗೆ ನೆನಪಿದೆ. ನೆನಪಿಲ್ಲ ಅಂತ ಸುಳ್ಳು ಹೇಳಬೇಡ. ಬೆಳಗ್ಗೆ ಟೆಂಟಿನ ನೆಲದಿಂದ ಏಳಲಾಗದೆ ಮಗುಚಿಬಿದ್ದ ಆಮೆಯ ಹಾಗೆ ಒದ್ದಾಡಿದೆ. ನೀನು ಕೈ ಹಿಡಿದೆ, ನಿನ್ನ ಭಾವ ಬೆನ್ನಿಗೆ ಭುಜ ಕೊಟ್ಟರು, ಇಬ್ಬರೂ ಸೇರಿ "ಐಸಾ" ಅಂತ ಎತ್ತಿದಿರಿ. ಪಕ್ಕದ ಟೆಂಟಿನವರು ಲೋಟ ಕೈಯಲ್ಲಿ ಹಿಡಿದುಕೊಂಡೇ ನೋಡುತ್ತಿದ್ದರು. ಆಗ ನಿಮ್ಮ ಜೊತೆ ನಾನೂ ನಕ್ಕೆ. ಆಮೇಲೆ ಮರದ ಹಿಂದೆ ಹೋಗಿ ಅತ್ತದ್ದು ನಿಮ್ಮಿಬ್ಬರಿಗೂ ಗೊತ್ತಿಲ್ಲ.

ಡಾಕ್ಟರಮ್ಮ ಖಂಡಿತವಾಗಿ ಹೇಳಿಬಿಟ್ಟರು: "ನೆಲದ ಮೇಲೆ ಮಲಗೋದು ಇನ್ನು ಸಾಕು." ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ದಿನವಿಡೀ ನಿಂತು ಹಾಸಿಗೆ ಚಾದರ ಮಡಚುವವಳಿಗೆ ಸೊಂಟ ಇಷ್ಟು ದಿನ ಉಳಿದದ್ದೇ ಹೆಚ್ಚಂತೆ. ಹಾಗಂತ ಪ್ರತಿ ಬೇಸಿಗೆ ಕ್ಯಾಂಪಿಗೆ ಹೋಗುವುದನ್ನೇ ಬಿಟ್ಟುಬಿಡೋಣವೇ? ವರ್ಷವೆಲ್ಲ ಕನ್ನಡಕದ ಅಂಗಡಿಯಲ್ಲಿ ಕೂತು ಬೇರೆಯವರ ಕಣ್ಣು ನೋಡುವ ನಿನ್ನ ಭಾವನಿಗೆ ದೂರ ನೋಡಲು ಸಿಗುವುದು ಅದೊಂದು ವಾರ.

ಮೊನ್ನೆ ಇಬ್ಬರೂ ಹೋಗಿ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಟ್ರೈಲರುಗಳನ್ನು ನೋಡಿ ಬಂದೆವು. ದೊಡ್ಡದರಲ್ಲಿ ಅಡುಗೆಮನೆ, ಬಚ್ಚಲು, ಸೋಫಾ ಎಲ್ಲ ಇದೆ. ನಮ್ಮ ಕಾರು ಅದನ್ನು ಎಳೆಯುವ ಬದಲು ಅದೇ ನಮ್ಮ ಕಾರನ್ನು ಹಿಂದಕ್ಕೆ ಎಳೆದೀತು. ಇನ್ನೊಂದು ಮಡಚುವ ಜಾತಿಯದು. ಹಿಡಿ ತಿರುಗಿಸಿದರೆ ಮೇಲೆ ಬಟ್ಟೆಯ ಗೋಡೆ ಏಳುತ್ತದೆ. ಅದು ಚಕ್ರದ ಮೇಲಿನ ಟೆಂಟ್ ಅಷ್ಟೇ, ಮಳೆ ಬಂದರೆ ಅದೇ ಒದ್ದೆ, ಅದೇ ಒಣಗಿಸುವ ಗೋಳು. ನನಗೆ ಹಿಡಿಸಿದ್ದು ಪತ್ರಿಕೆಯೊಂದರಲ್ಲಿ ಕಂಡದ್ದು. ಯಾರೋ ಮನೆಯಲ್ಲೇ ಮಾಡಿಕೊಂಡದ್ದಂತೆ. ಬೆನ್ನು ದುಂಡಗಿನ ಮರದ ಪೆಟ್ಟಿಗೆ, ಒಳಗೆ ಹಾಸಿಗೆ, ಹಿಂದಿನ ಮುಚ್ಚಳ ಎತ್ತಿದರೆ ಒಲೆ ಇಡಲು ಹಲಗೆ. ನಿಲ್ಲಲು ಆಗುವುದಿಲ್ಲ. ಕೂರಬಹುದು, ಮಲಗಬಹುದು.

ಬಸ್ಸು ಕಟ್ಟುವವನಿಗೆ ಇದು ಆಟದ ಸಾಮಾನಲ್ಲವೇ? ಏನು ಹೇಳುತ್ತೀಯ?

ಟೆಂಟನ್ನು ಒಣಗಿಸಿ ಅಟ್ಟಕ್ಕೆ ಹಾಕಿದ್ದೇನೆ. ಹಾಕುವಾಗ ಯಾಕೋ ಯಾರನ್ನೋ ಮನೆಯಿಂದ ಹೊರಗೆ ಹಾಕಿದ ಹಾಗೆ ಅನ್ನಿಸಿತು.

ನಿನ್ನ ಅಕ್ಕ


ಜನವರಿ ೨೩

ಅಕ್ಕಾ,

ಕಾಗದ ಓದಿ ಶೆಡ್ಡಿನಲ್ಲೇ ಕುಣಿದೆ. ನಮ್ಮ ಪೇಂಟರ್ ಕೇಳಿದ, "ಏನ್ ಸಾರ್, ಲಾಟರಿ ಹೊಡೀತಾ?" ಹೂಂ ಕಣೋ ಅಂದೆ.

ಕೊಂಡುಕೊಳ್ಳುವ ಮಾತು ಇನ್ನೊಂದು ಸಲ ಎತ್ತಿದರೆ ನೋಡು. ಆ ದೊಡ್ಡ ಟ್ರೈಲರುಗಳ ಹೊಳಪೆಲ್ಲ ಹೊರಗಡೆ, ಒಳಗೆ ರಟ್ಟು ಮತ್ತು ಗೋಂದು. ಎರಡು ಮಳೆಗಾಲ ಕಂಡರೆ ಮೂಲೆಗಳು ಬಾಯಿ ಬಿಡುತ್ತವೆ. ನಿಮ್ಮದು ಚಿಕ್ಕ ಎಂಜಿನ್, ಅದಕ್ಕೆ ಹಗುರವಾದದ್ದೇ ಆಗಬೇಕು. ಹಗುರ ಅಂದರೆ ಚಿಕ್ಕದು. ಕೆಳಗೆ ಉಕ್ಕಿನ ಚೌಕಟ್ಟು, ಗೋಡೆಗೆ ತೆಳು ಪ್ಲೈವುಡ್ಡು, ಎರಡು ಪದರದ ನಡುವೆ ಬಿಸಿ ತಡೆಯುವ ಥರ್ಮೋಕೋಲು, ಮೇಲೆ ಅಲ್ಯೂಮಿನಿಯಂ ತಗಡು. ಬಸ್ಸಿನ ಚಾವಣಿಗೆ ಕತ್ತರಿಸಿ ಉಳಿದ ತಗಡು ಇಲ್ಲಿ ರಾಶಿ ಬಿದ್ದಿದೆ, ಯಜಮಾನರನ್ನು ಕೇಳಿದೆ, "ತಗೊಂಡ್ಹೋಗಪ್ಪ, ಜಾಗ ಖಾಲಿಯಾಗ್ಲಿ" ಅಂದರು. ಕಿಟಕಿಗೆ ಬಸ್ಸಿನ ಜಾರುವ ಗಾಜೇ ಆದೀತು. ಭಾವ ನಿಂಬೆಹಣ್ಣಿನ ಬಣ್ಣ ಬೇಕು ಅನ್ನುತ್ತಾರೆ, ನೋಡುತ್ತಿರು. ಬಿಳಿಯೇ ಹೊಡೆಯುವುದು, ಬಿಸಿಲಿಗೆ ಒಳಗೆ ಬೇಯಬಾರದಲ್ಲ.

ಈಗ ಮುಖ್ಯ ವಿಷಯ. ನಕ್ಷೆ ಇದರ ಜೊತೆಗಿದೆ. ಹಾಸಿಗೆ ಇಬ್ಬರದು ಎಂದು ಮುಖ ಸಣ್ಣ ಮಾಡಬೇಡ. ನಿಮ್ಮ ಕಾಲ ಮೇಲೆ, ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಒಂದು ಹಲಗೆ ಹಾಕಿದ್ದೇನೆ. ಅದು ನನ್ನದು. ನನ್ನ ಉದ್ದಕ್ಕೆ ಗಿಡ್ಡವಾಗುತ್ತದೆ, ಆದರೆ ಮಂಡಿ ಮಡಚಿಕೊಂಡರೆ ಆಯಿತು. ಟೆಂಟಿನಲ್ಲಿ ಬಾಗಿಲ ಕಡೆ ನಾನು, ನಡುವೆ ನೀನು, ಒಳಗಡೆ ಭಾವ. ಇಲ್ಲಿ ನಾನು ಮಾಳಿಗೆಗೆ ಬಡ್ತಿ ಪಡೆದೆ. ಭಾವನ ಗೊರಕೆ ಇನ್ನು ಕೆಳಗಿನಿಂದ ಮೇಲಕ್ಕೆ ಬರುತ್ತದೆ, ಹೊಸ ಅನುಭವ.

ಒಪ್ಪಿಗೆ ಬಂದ ಕೂಡಲೇ ಚೌಕಟ್ಟಿಗೆ ಬೆಸುಗೆ ಶುರು.

ನಿನ್ನ ಮೊಳೆ


ಫೆಬ್ರವರಿ ೧೬

ಮೊಳೆ,

ಉತ್ತರ ತಡವಾಯಿತು. ಕೆಲಸ ಜಾಸ್ತಿ ಇತ್ತು ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣಿಸುತ್ತಿರಬೇಕು.

ನಕ್ಷೆ ತುಂಬ ಚೆನ್ನಾಗಿದೆ. ಬಾಗಿಲು ಎಡಕ್ಕಿರಲಿ. ಒಲೆಯ ಹಲಗೆ ಇನ್ನು ಸ್ವಲ್ಪ ಎತ್ತರ ಇದ್ದರೆ ನಾನು ಬಗ್ಗಬೇಕಿಲ್ಲ. ಆ ಅಡ್ಡ ಹಲಗೆ ಮಾತ್ರ ಬೇಡ ಅನ್ನಿಸುತ್ತದೆ.

ನನಗೇನೂ ಇಲ್ಲಪ್ಪ. ನಿನ್ನ ಭಾವನ ವಿಷಯ. ಅವರು ಬಾಯಿ ಬಿಟ್ಟು ಹೇಳುವವರಲ್ಲ, ನಿನಗೆ ಗೊತ್ತು. ವಯಸ್ಸಾಗುತ್ತಿದೆ, ಒಂದು ಸಲವಾದರೂ ನಾವಿಬ್ಬರೇ ಹೋಗಿ ಬರೋಣ ಎಂಬ ಆಸೆ ಅವರಿಗೆ. ಮೂವರಾದರೆ ಇಕ್ಕಟ್ಟು ಅಂತಲೂ ಅಂದರು. ನಿನ್ನ ಮೇಲೆ ಬೇಸರವಿಲ್ಲ, ಹಾಗೆ ತಿಳಿಯಬೇಡ. ಅವರ ಹತ್ತಿರ ಈ ಮಾತು ಎತ್ತಲೂ ಬೇಡ, ಪಾಪ, ಮುಜುಗರಪಟ್ಟುಕೊಳ್ಳುತ್ತಾರೆ.

ನೀನು ದೊಡ್ಡ ಮನಸ್ಸಿನವನು, ಅರ್ಥ ಮಾಡಿಕೊಳ್ಳುತ್ತೀಯ.

ನಿನ್ನ ಅಕ್ಕ


ಫೆಬ್ರವರಿ ೨೦

ಅಕ್ಕನಿಗೆ,

ಆಗಲಿ. ಇಬ್ಬರದೇ ಮಾಡುತ್ತೇನೆ.

ಕೆಳಗಿನ ಅಳತೆಗಳು ಬೇಕು. ಕುರ್ಚಿಯ ಮೇಲೆ ಕೂತಾಗ ನೆಲದಿಂದ ನಿನ್ನ ಮಂಡಿಯ ಎತ್ತರ. ಹಾಸಿಗೆ ಅಷ್ಟೇ ಎತ್ತರವಿದ್ದರೆ ಅಂಚಿನಲ್ಲಿ ಕೂತು ಕಾಲು ಊರಿ ಏಳಬಹುದು. ನೋಯುವ ಸೊಂಟ ಯಾವ ಕಡೆಯದು. ಏಳುವಾಗ ಯಾವ ಕೈ ಮುಂದೆ ಬರುತ್ತದೆ. ಅದನ್ನು ಯೋಚಿಸಿ ಬರೆಯಬೇಡ, ಬೆಳಗ್ಗೆ ಏಳುವಾಗ ಗಮನಿಸಿ ಬರೆ.

ಅಡ್ಡ ಹಲಗೆಗೆ ಎಂದು ಕತ್ತರಿಸಿಟ್ಟಿದ್ದ ಪ್ಲೈವುಡ್ಡನ್ನು ಹಿಂದಿನ ಪಾತ್ರೆ ಪೆಟ್ಟಿಗೆಗೆ ಬಳಸಿದ್ದೇನೆ. ಸರಿಯಾಗಿ ಕೂತಿತು.

ಇಂತಿ,
ತಮ್ಮ


ಮಾರ್ಚ್ ೧೭

ಮೊಳೆರಾಯರ ಸನ್ನಿಧಾನಕ್ಕೆ, ನಿನ್ನ ಭಾವ ಬರೆಯುವುದು.

ಕಾಗದ ಬರೆಯುವ ಇಲಾಖೆ ನಿನ್ನ ಅಕ್ಕನದು. ನನ್ನ ಕೈಬರಹ ಕಂಡು ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಅವಳಿಗೆ ಹೇಳದೆ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಭಾನುವಾರ ಬಸ್ಸು ಹತ್ತಿ ನಿನ್ನ ಶೆಡ್ಡಿಗೆ ಬಂದಾಗ ನನಗೆ ಎಷ್ಟು ಖುಷಿಯಿತ್ತು ಗೊತ್ತೇ? ಮರಳು ಕಾಗದ ಉಜ್ಜುವುದಾದರೂ ನನಗೆ ಬರುತ್ತದೆ, ಗಾಜು ಉಜ್ಜಿದ ಕೈ ಇದು. ಗಾಡಿ ಆಗಲೇ ಆಕಾರಕ್ಕೆ ಬಂದಿತ್ತು. ಆ ದುಂಡು ಬೆನ್ನಿನ ಮೇಲೆ ಕೈ ಆಡಿಸಿ ನೋಡಿದೆ, ಒಂದು ಕಡೆಯೂ ತಡೆಯಲಿಲ್ಲ. ನೀನು ಮಾತ್ರ ನನ್ನ ಹತ್ತಿರ ಗಿರಾಕಿಯ ಹತ್ತಿರ ಮಾತಾಡಿದ ಹಾಗೆ ಮಾತಾಡಿದೆ. "ಹೌದು ಸರ್" ಅನ್ನುವುದೊಂದು ಬಾಕಿಯಿತ್ತು. ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸಿದರೆ "ಈಗ್ ತಾನೆ ಕುಡ್ದೆ" ಅಂದೆ. ನಿನ್ನ ಲೋಟದ್ದನ್ನು ನಾನು ಫ್ಲಾಸ್ಕಿಗೇ ವಾಪಸ್ ಸುರಿದೆ.

ಒಳಗೆ ಬಗ್ಗಿ ನೋಡಿ, "ನಿನ್ ಜಾಗ ಎಲ್ಲಪ್ಪ?" ಅಂತ ಕೇಳಿದೆ. ನೀನು ಡ್ರಿಲ್ಲಿಂಗ್ ಮೆಷಿನ್ನಿನಿಂದ ತಲೆ ಎತ್ತದೆ ಹೇಳಿದೆ: "ನಂಗೆ ಈ ಕ್ಯಾಂಪೂ ಸಾಕು, ನಿಮ್ ಗೊರಕೇನೂ ಸಾಕು ಭಾವ. ನೀವಿಬ್ರೇ ಹೋಗಿ."

ನಾನು ಜೋರಾಗಿ ನಕ್ಕೆ. ವಾಪಸ್ ಬರುವ ಬಸ್ಸಿನಲ್ಲಿ ನೆನಪಾಯಿತು, ನೀನು ನಕ್ಕಿರಲಿಲ್ಲ.

ನನ್ನ ಗೊರಕೆ ಕುರಿತು ಇಷ್ಟು ವರ್ಷ ತಮಾಷೆ ಮಾಡುತ್ತಲೇ ಬಂದಿದ್ದೀಯ. ಅದರ ಹಿಂದೆ ನಿಜವಾದ ಹಿಂಸೆ ಇದೆಯೆಂದು ನನಗೆ ಹೊಳೆದಿರಲಿಲ್ಲ. ತಪ್ಪಾಯಿತಪ್ಪ. ದಿನವಿಡೀ ರಿವೆಟ್ ಸದ್ದಿನಲ್ಲಿರುವವನಿಗೆ ರಜೆಯಲ್ಲೂ ಸದ್ದು ಕೊಟ್ಟೆ. ಅಂಗಡಿಗೆ ಬರುವ ಕಿವಿ ಮೂಗಿನ ಡಾಕ್ಟರರನ್ನು ಕೇಳಿದೆ. ಅಂಗಾತ ಮಲಗಿದರೇ ಗೊರಕೆಯಂತೆ, ಅಂಗಿಯ ಬೆನ್ನಿಗೆ ಒಂದು ಟೆನಿಸ್ ಚೆಂಡು ಹೊಲಿದುಕೊಂಡರೆ ತಾನಾಗಿ ಮಗ್ಗುಲಾಗುತ್ತಾರಂತೆ. ನಿನ್ನ ಅಕ್ಕನಿಗೆ ಹೇಳಿದೆ, ಚೆಂಡಿಗೊಂದು ಜೇಬು ಮಾಡಿ ಹೊಲಿದುಕೊಟ್ಟಳು. ಇಂಥ ವಿಷಯ ಸಿಕ್ಕರೆ ವಾರವಿಡೀ ಆಡಿಕೊಂಡು ನಗುವವಳು ಅವತ್ತು ಯಾಕೋ ಬಾಯಿಯೇ ಬಿಡಲಿಲ್ಲ.

ಮೂರು ವಾರದಲ್ಲಿ ಅಭ್ಯಾಸ ಆಗುತ್ತದಂತೆ. ಬೆನ್ನು ಸ್ವಲ್ಪ ನೋಯುತ್ತದೆ, ಪರವಾಗಿಲ್ಲ. ಆ ಗಾಡಿಯಲ್ಲಿ ಇನ್ನೊಬ್ಬರಿಗೆ ಜಾಗ ಮಾಡಲು ಈಗಲೂ ಆಗುವುದಾದರೆ ಮಾಡು. ಕುಳ್ಳ ನಾನು, ಎಲ್ಲಿ ಬೇಕಾದರೂ ಹಿಡಿಸುತ್ತೇನೆ.

ನಿನ್ನ ಭಾವ


ಮಾರ್ಚ್ ೨೫

ಮೊಳೆ,

ನಿನ್ನ ಭಾವನ ಹತ್ತಿರ ಗೊರಕೆ ವಿಷಯ ಯಾಕೆ ಹೇಳಿದೆ? ಹೀಗೆ ಕೇಳುವ ಮುಖ ನನಗಿಲ್ಲ, ಗೊತ್ತು. ಆ ಮಾತು ನಿನ್ನ ಬಾಯಿಗೆ ಬರುವ ಹಾಗೆ ಮಾಡಿದವಳು ನಾನು.

ಆ ಚೆಂಡು ಹೊಲಿಯುವಾಗ ಕೈಗೆ ಸೂಜಿ ಚುಚ್ಚಿಕೊಂಡೆ. ಅವರು ಓಡಿಹೋಗಿ ಹತ್ತಿ ತಂದರು. ಕೈ ಹಿಡಿದುಕೊಂಡು ಹೇಳಿದರು, "ನಿನ್ನ ತಮ್ಮನಿಗೆ ಇಷ್ಟು ವರ್ಷ ನಿದ್ದೆ ಕೊಡ್ಲಿಲ್ಲ ಕಣೇ ನಾನು. ಪಾಪದೋನು, ಹೇಳ್ಲೇ ಇಲ್ಲ." ಈಗ ರಾತ್ರಿ ಚೆಂಡು ಒತ್ತಿದಾಗೆಲ್ಲ "ಹಾ" ಅಂತ ಎದ್ದು, ಮಗ್ಗುಲಾಗಿ, ಮತ್ತೆ ಮಲಗುತ್ತಾರೆ. ನಾನು ಕಣ್ಣು ಬಿಟ್ಟುಕೊಂಡೇ ಇರುತ್ತೇನೆ.

ಇಬ್ಬರೇ ಹೋಗಬೇಕೆಂದು ಅವರು ಒಂದು ದಿನವೂ ಹೇಳಿಲ್ಲ. ಇಕ್ಕಟ್ಟು ಅಂದೂ ಇಲ್ಲ. ನಿನ್ನ ನಕ್ಷೆ ಬಂದ ದಿನ ಅಡ್ಡ ಹಲಗೆಯ ಮೇಲೆ ಬೆರಳಿಟ್ಟು, "ನೋಡು, ಮಾಳಿಗೆ ಮನೆ ಮಾಡ್ಕೊಂಡಿದಾನೆ!" ಎಂದು ನಕ್ಕವರು ಅವರು. ಬೇಡ ಅನ್ನಿಸಿದ್ದು ನನಗೆ.

ಯಾಕೆ ಎಂದು ಬರೆಯಲು ಕಷ್ಟವಾಗುತ್ತದೆ. ಅಮ್ಮ ತೀರಿಕೊಂಡ ವರ್ಷವೇ ನನ್ನ ಮದುವೆಯಾಯಿತು. ಮೊದಲ ಬೇಸಿಗೆ ಟೆಂಟ್ ತಂದಾಗ ನಿನ್ನನ್ನು ಬಿಡಲು ಬೇರೆ ಮನೆ ಇರಲಿಲ್ಲ, ಕರೆದುಕೊಂಡು ಹೋದೆವು. ನೀನು ಬೇಕಾಗಿದ್ದೆ, ನಿಜವಾಗಿ. ಆಮೇಲೆ ಪ್ರತಿ ವರ್ಷವೂ ಮೂವರು. ನೀನು ಕೆಲಸ ಹಿಡಿದು ಬೇರೆ ಊರಿಗೆ ಹೋದಮೇಲೂ ಆ ವಾರ ನಿನ್ನದೇ. ನನಗೆ ಈ ಸಲ ಅನ್ನಿಸಿತು, ಆ ಪುಟ್ಟ ಬಾಗಿಲು ಹಾಕಿಕೊಂಡರೆ ಒಳಗೆ ಅವರು, ನಾನು, ಅಷ್ಟೇ. ಇದೇನು ದೊಡ್ಡ ಆಸೆಯಲ್ಲ. ಆದರೆ ಎತ್ತಿ ಆಡಿಸಿದ ತಮ್ಮನಿಗೆ "ನೀನು ಬರಬೇಡ" ಎಂದು ಬರೆಯಲು ಪೆನ್ನು ಓಡಲಿಲ್ಲ. ಅವರ ಹೆಸರು ಹಾಕಿದರೆ ಓಡಿತು. ಎಷ್ಟು ಸಲೀಸಾಗಿ ಓಡಿತೆಂದರೆ, ಈಗಲೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅವರಿಗೆ ಇನ್ನೂ ಹೇಳಿಲ್ಲ. ದಿನಾ ಊಟಕ್ಕೆ ಕೂತಾಗ ಹೇಳೋಣ ಅಂದುಕೊಳ್ಳುತ್ತೇನೆ, ಆಮೇಲೆ "ಇನ್ನು ಸ್ವಲ್ಪ ಬಡಿಸ್ಲಾ?" ಅನ್ನುತ್ತೇನೆ.

ಗಾಡಿ ಕೆಲಸ ನಿಲ್ಲಿಸಿಬಿಡು. ಆ ಹಾಸಿಗೆಯಲ್ಲಿ ನಾನು ಹೇಗೆ ಮಲಗಲಿ?

ಅಕ್ಕ


ಏಪ್ರಿಲ್ ೧೯

ಅಕ್ಕಾ,

ನಿನ್ನ ಕಾಗದಕ್ಕೆ ಕೂಡಲೇ ಉತ್ತರ ಬರೆದಿದ್ದೆ. ಅದನ್ನು ಅಂಚೆಗೆ ಹಾಕದೆ ಇದ್ದದ್ದು ಒಳ್ಳೆಯದಾಯಿತು. ಇದು ಎರಡನೆಯದು, ಬೈಗುಳ ಕಮ್ಮಿ ಇದೆ.

"ಮೊಳೆ, ಈ ಸಲ ನೀನು ಬರಬೇಡ, ನಾವಿಬ್ಬರೇ ಹೋಗಬೇಕು ಅನ್ನಿಸಿದೆ" ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದೆ. ಪೇಂಟರ್ ಮೇಲೆ ರೇಗುತ್ತಿದ್ದೆ. ಆಮೇಲೆ ಸರಿಹೋಗುತ್ತಿದ್ದೆ. ನನ್ನನ್ನು ಸಾಕಿದವಳಿಗೆ ಅಷ್ಟೂ ಗೊತ್ತಿಲ್ಲವೇ? ನನಗೆ ನೋವಾದದ್ದು ಬೇಡ ಅಂದದ್ದಕ್ಕಲ್ಲ. ಭಾವ ಅಂದರು ಅಂದೆಯಲ್ಲ, ಅದಕ್ಕೆ. ನನಗೆ ಸೈಕಲ್ ಕಲಿಸಿದವರು, ಮೊದಲ ಕೆಲಸಕ್ಕೆ ಹೋಗುವ ದಿನ ತಮ್ಮ ಒಳ್ಳೆಯ ಅಂಗಿ ಬಿಚ್ಚಿ ಕೊಟ್ಟವರು, ಇಷ್ಟು ವರ್ಷ ನನ್ನನ್ನು ಸಹಿಸಿಕೊಂಡಿದ್ದರು ಎಂದು ತಿಳಿದು ನಾನು ಒಳಗೊಳಗೇ ಬೆಂದುಹೋದೆ. ಅದಕ್ಕೇ ಆ ಭಾನುವಾರ ಅವರಿಗೆ ಎಲ್ಲಿ ತಾಗುತ್ತದೋ ಅಲ್ಲಿಗೇ ಹೊಡೆದೆ. ಕಾಫಿಯನ್ನು ಫ್ಲಾಸ್ಕಿಗೆ ಸುರಿಯುವಾಗ ಅವರ ಕೈಯಿಂದ ಸ್ವಲ್ಪ ಚೆಲ್ಲಿತು. ಕರ್ಚೀಫಿನಿಂದ ನನ್ನ ಬೆಂಚನ್ನು ಒರೆಸಿದರು. ಅದು ಕಣ್ಣ ಮುಂದಿನಿಂದ ಹೋಗುವುದಿಲ್ಲ.

ಅವರ ಕಾಗದ ಬಂದಿತ್ತು. ಅದಕ್ಕೆ ನಾನು ಉತ್ತರ ಬರೆದಿಲ್ಲ. ಬರೆದರೆ ನಿಜ ಬರೆಯಬೇಕು, ಅದು ನೀನು ಹೇಳಬೇಕಾದದ್ದು. ನಾನು ಹೇಳುವುದಿಲ್ಲ. ನಿನ್ನ ಪರವಾಗಿ ಸುಳ್ಳನ್ನೂ ಹೇಳುವುದಿಲ್ಲ.

ಗಾಡಿ ನಿಲ್ಲಿಸಲಿಲ್ಲ. ಅದು ಏನು ತಪ್ಪು ಮಾಡಿದೆ? ಹೋದ ವಾರ ಬಿಳಿ ಬಣ್ಣ ಆಯಿತು. ಬಾಗಿಲ ಪಕ್ಕ ಹೊರಗಡೆ ಒಂದು ಹಿಡಿಕೆ ಹಾಕಿದ್ದೇನೆ, ಬಸ್ಸಿನ ಮೆಟ್ಟಿಲ ಹತ್ತಿರ ಇರುತ್ತದಲ್ಲ, ಅಂಥದ್ದು. ನಿನ್ನ ಕೈ ಬರುವ ಎತ್ತರಕ್ಕೇ ಇದೆ. ನಾನೇ ಜೋತಾಡಿ ನೋಡಿದೆ, ಗಟ್ಟಿಯಾಗಿದೆ. ಇನ್ನು ನಿನ್ನನ್ನು ಎತ್ತಲು ಇಬ್ಬರು ಬೇಕಿಲ್ಲ.

ಒಂದು ಮಾತು. ಟೆಂಟಿನಲ್ಲಿ ಬಾಗಿಲ ಕಡೆ ನಾನು ಮಲಗುತ್ತಿದ್ದದ್ದು ನಿಮ್ಮಿಬ್ಬರ ಕಾವಲಿಗೆ ಎಂದುಕೊಂಡಿದ್ದೆ. ಮೀಸೆ ಬಂದಮೇಲೂ, ತಲೆ ನರೆತಮೇಲೂ ಹಾಗೇ ಅಂದುಕೊಂಡಿದ್ದೆ. ನಿಮಗೂ ಒಂದು ಬಾಗಿಲು ಬೇಕಾಗಬಹುದೆಂದು ಹೊಳೆಯಲಿಲ್ಲ. ಇಷ್ಟೊಂದು ಬಸ್ಸುಗಳಿಗೆ ಬಾಗಿಲು ಇಟ್ಟವನು ನಾನು.

ಮೇ ಮೊದಲ ವಾರ ಬಂದು ಗಾಡಿ ತೆಗೆದುಕೊಂಡು ಹೋಗಿ. ನಾನು ಶೆಡ್ಡಿನಲ್ಲಿ ಇರುವುದಿಲ್ಲ, ಪೇಂಟರ್ ಕಾರಿನ ಹಿಂದೆ ಕೊಕ್ಕೆ ಹಾಕಿಕೊಡುತ್ತಾನೆ. ಭಾವನ ಮುಖ ನೋಡಲು ನನಗೆ ಇನ್ನೂ ಧೈರ್ಯವಿಲ್ಲ. ಅವರಿಗೆ ಹೇಳದೆ ಅದರಲ್ಲಿ ಒಂದು ರಾತ್ರಿಯೂ ಮಲಗಬೇಡ.

ಮೊಳೆ


ಮೇ ೧೪
ಕೆರೆ ದಂಡೆ

ಮೊಳೆರಾಯ,

ನಿನ್ನ ಗಾಡಿಯ ಹಿಂದಿನ ಮುಚ್ಚಳದ ಕೆಳಗೆ, ಒಲೆ ಪಕ್ಕದ ಹಲಗೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಹಲಗೆ ಅವಳಿಗೆ ಸರಿಯಾದ ಎತ್ತರದಲ್ಲಿದೆ, ನನಗೆ ಎದೆಗೆ ಬರುತ್ತದೆ. ದಾರಿಯಲ್ಲಿ ಗಾಡಿ ಹಿಂದೆ ಇದೆಯೋ ಇಲ್ಲವೋ ಎಂದು ನಾನೇ ತಿರುಗಿ ನೋಡಬೇಕಾಯಿತು, ಅಷ್ಟು ಹಗುರವಾಗಿ ಬಂತು.

ನಿನ್ನ ಅಕ್ಕ ಎಲ್ಲವನ್ನೂ ಹೇಳಿದಳು. ನೆನ್ನೆ ಬಾಗಿಲು ಹಾಕಿ ದೀಪ ಆರಿಸುವ ಮೊದಲು, ಹಾಸಿಗೆ ಅಂಚಿನಲ್ಲಿ ಕೂತು, ಒಂದೇ ಉಸಿರಿಗೆ. ನನಗೆ ಭಯಂಕರ ಸಿಟ್ಟು ಬಂತು. ಆದರೆ ನಿನ್ನ ಗಾಡಿಯಲ್ಲಿ ಸಿಟ್ಟು ಬಂದವನಿಗೆ ಎದ್ದು ನಿಲ್ಲಲು ಆಗುವುದಿಲ್ಲ. ತೆವಳಿಕೊಂಡು ಹೊರಗೆ ಬರಬೇಕು. ನಕ್ಷೆ ಬರೆಯುವಾಗ ಅದನ್ನು ನೀನು ಯೋಚಿಸಿದ ಹಾಗಿಲ್ಲ.

ಟೆಂಟನ್ನು ಕಾರಿನಲ್ಲಿ ಹಾಕಿಕೊಂಡು ಬಂದಿದ್ದೆ, ಅವಳಿಗೆ ಗೊತ್ತಿರಲಿಲ್ಲ. ಅದನ್ನು ಅಟ್ಟದಲ್ಲೇ ಬಿಟ್ಟು ಬರಲು ಮನಸ್ಸಾಗಲಿಲ್ಲ. ಗಾಡಿಯ ಬಾಗಿಲ ಪಕ್ಕದಲ್ಲೇ ಕತ್ತಲಲ್ಲಿ ಹೇಗೋ ನಿಲ್ಲಿಸಿ, ಚೆಂಡಿನ ಅಂಗಿಯಲ್ಲೇ ಒಳಗೆ ಮಲಗಿದೆ. ಎರಡು ತಿಂಗಳು, ಮೊಳೆ! ನನ್ನ ಮೈದುನನಿಗೆ ಹಿಂಸೆ ಕೊಟ್ಟೆ ಎಂದು ಬೆನ್ನಿಗೆ ಚೆಂಡು ಕಟ್ಟಿಕೊಂಡು ಮಲಗಿದೆ. ಅದನ್ನು ಅವಳು ತನ್ನ ಕೈಯಾರೆ ಹೊಲಿದಳು. ನೀನೂ ಗೊತ್ತಾದಮೇಲೆ ಒಂದು ಸಾಲು ಬರೆಯಲಿಲ್ಲ. ಅಕ್ಕ ತಮ್ಮ ಇಬ್ಬರೂ ಒಂದೇ ಅಚ್ಚಿನವರು.

ಸಿಟ್ಟನ್ನು ಬೆಳಗಿನವರೆಗೆ ಕಾಪಾಡಿಕೊಳ್ಳಬೇಕೆಂದು ತುಂಬ ಪ್ರಯತ್ನಪಟ್ಟೆ. ಆಗಲಿಲ್ಲ. ಅವಳು ಹೇಳಿದ ಸುಳ್ಳನ್ನೆಲ್ಲ ಬದಿಗಿಟ್ಟು ನೋಡಿದರೆ, ಅವಳಿಗೆ ಬೇಕಾಗಿದ್ದದ್ದು ನಾನು. ನಾನೊಬ್ಬನೇ. ಮದುವೆಯಾದಾಗಿನಿಂದ ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಇಂಥ ತಪ್ಪು ಮಾಡಿದವಳ ಮೇಲೆ ಎಷ್ಟು ಹೊತ್ತು ಕೋಪ ಇಟ್ಟುಕೊಳ್ಳಲಿ?

ನನ್ನದೂ ಒಂದು ಇದೆ, ನಿನಗಾದರೂ ಹೇಳಬೇಕು. ನೀನು ಜೊತೆಗಿದ್ದರೆ ನನಗೆ ನಿರಾಳ. ನೀನು ಅವಳನ್ನು ನಗಿಸುತ್ತಿದ್ದೆ, ನಾನು ಕೂತು ಕೆರೆ ನೋಡುತ್ತಿದ್ದೆ. ಅವಳ ಜೊತೆ ಏನು ಮಾತಾಡಬೇಕೆಂದು ಯೋಚಿಸುವ ಕಷ್ಟ ನನಗಿರಲಿಲ್ಲ. ಪ್ರತಿ ವರ್ಷ "ಅವನನ್ನ ಕರಿ, ಕರಿ" ಅನ್ನುತ್ತಿದ್ದದ್ದು ನಿನ್ನ ಮೇಲಿನ ಪ್ರೀತಿಯೊಂದೇ ಅಲ್ಲ. ಹೋದ ವರ್ಷ ಅವಳು ಮರದ ಹಿಂದೆ ಹೋಗಿ ಅತ್ತಳಂತೆ. ನೀನೂ ನೋಡಲಿಲ್ಲ, ಸರಿ. ನಾನು ನೋಡಬೇಕಾಗಿತ್ತು. ಬೇರೆಯವರ ಕಣ್ಣು ನೋಡುವುದೇ ನನ್ನ ಕಸುಬು.

ಬೆಳಗ್ಗೆ ಏಳಲು ಹೋದರೆ ಬೆನ್ನು ಹಿಡಿದುಕೊಂಡುಬಿಟ್ಟಿತ್ತು. ಈ ಸಲ ಆಮೆ ನಾನು. ನಿನ್ನ ಅಕ್ಕ ಗಾಡಿಯಿಂದ ತಾನೇ ಇಳಿದು, ಒಂದು ಕೈಯಲ್ಲಿ ಆ ಹಿಡಿಕೆ ಹಿಡಿದು, ಇನ್ನೊಂದು ಕೈ ನನಗೆ ಕೊಟ್ಟು ಎಳೆದಳು.

"ಸಿಟ್ಟು ಹೋಯ್ತಾ?" ಅಂದಳು.

"ಇಲ್ಲ" ಅಂದೆ.

"ಆಯ್ತು, ಕಾಫಿ ಕುಡ್ದು ಮಾಡ್ಕೊಳ್ಳಿ" ಅಂದಳು.

ಈಗ ನನ್ನ ಹಿಂದೆ ನಿಂತು ಅಂಗಿಯ ಚೆಂಡು ಬಿಚ್ಚುತ್ತಿದ್ದಾಳೆ. ಕತ್ತರಿ ತಂದಿಲ್ಲ, ಹಲ್ಲಿನಲ್ಲಿ ದಾರ ಕಚ್ಚಿ ಕಚ್ಚಿ ತೆಗೆಯುತ್ತಿದ್ದಾಳೆ. ಆಸ್ಪತ್ರೆಯ ಹೊಲಿಗೆ, ಬೇಗ ಬಿಡುವುದಿಲ್ಲ. "ಅಲುಗಾಡ್ಬೇಡಿ" ಅನ್ನುತ್ತಾಳೆ, ಅದಕ್ಕೇ ಅಕ್ಷರ ಸೊಟ್ಟಗಾಗುತ್ತಿದೆ. ಬೆನ್ನು ಒದ್ದೆಯಾಗುತ್ತಿದೆ. ನಾನು ಗೊತ್ತಾಗದವನ ಹಾಗೆ ಬರೆಯುತ್ತಿದ್ದೇನೆ.

ಟೆಂಟನ್ನು ಕೀಳುವುದಿಲ್ಲ, ಅದು ಇಲ್ಲೇ ಇರಲಿ. ನೀನು ಶನಿವಾರ ಬಾ. ಅದಕ್ಕಿಂತ ಮುಂಚೆ ಬರಬೇಡ.

ನಿನ್ನ ಭಾವ